ಮನೆಬಾಗಿಲಿಗೆ ಬೈಕು

"ಅದಕ್ಕೇನ್ರೀ, ನಾನೇ ನಿಮ್ಮ ಮನೀ ಬಾಗಿಲಿಗೆ ತಂದುಕೊಡ್ತೀನಿ!"

ಗುರುಶಾಂತಪ್ಪನ ಬಾಯಿಂದ ಈ ಮಾತು ಜಾರಿದ್ದು ಶುಕ್ರವಾರ ಸಂಜೆ, ಫೋನಿನಲ್ಲಿ. ಆ ಕಡೆ ಇದ್ದ, ನಲವತ್ತು ಮೈಲಿ ಆಚೆ ಮಾರ್ಗನ್ ಹಿಲ್‌ನ ಉಲ್ಲಾಸ್ ಎಂಬ ಹುಡುಗ ಹಾಗೆ ಕೇಳಿಯೇ ಇರಲಿಲ್ಲ. "ನಾಳೆ ಬಂದು ಬೈಕ್ ನೋಡ್ತೇನೆ" ಎಂದಷ್ಟೇ ಅಂದಿದ್ದ. ಆದರೆ ಬೈಕು ಮಾರಾಟಕ್ಕಿಟ್ಟು ನಾಲ್ಕು ತಿಂಗಳಿಗೆ ಸಿಕ್ಕ ಒಬ್ಬನೇ ಗಿರಾಕಿ, ಬರುವ ದಾರಿಯಲ್ಲಿ ಮನಸ್ಸು ಬದಲಿಸಿದರೆ? ಬೆಳಗ್ಗೆ ಹತ್ತು ಗಂಟೆಗೆ ಬೈಕು ನಿಮ್ಮ ಮನೆಯ ಮುಂದೆ ಎಂದು ಮಾತು ಕೊಟ್ಟು ಫೋನಿಟ್ಟ ಮೇಲೆ, ತನಗೆ ಬೈಕ್ ಓಡಿಸುವ ಲೈಸೆನ್ಸಿಲ್ಲ ಎನ್ನುವುದು ಅವನಿಗೆ ನೆನಪಾಯಿತು.

ಆ ಬೈಕಿನ ಕತೆಯೇ ಅಷ್ಟು. ನಲವತ್ತೈದು ತುಂಬಿದ ವರ್ಷ ಗುರುಶಾಂತಪ್ಪನಿಗೆ ಬೈಕಿನ ಹುಚ್ಚು ಹಿಡಿದಿತ್ತು. ಮೊದಲು ಬೈಕು ಕೊಂಡು, ಆಮೇಲೆ ಲೈಸೆನ್ಸಿಗೆ ಹೋದ. ಎರಡು ಸಲ ನಪಾಸಾದ. ಎರಡನೆಯ ಸಲವಂತೂ ಪರೀಕ್ಷೆ ಮಾಡುವವನ ಕಾಲಮೇಲೇ ಚಕ್ರ ಹತ್ತಿಸಿದ್ದ. ಅಂದಿನಿಂದ ಬೈಕು ಯೂನಿಯನ್ ಸಿಟಿಯ ಅವನ ಗ್ಯಾರೇಜಿನಲ್ಲಿ ಚಾದರ ಹೊದ್ದು ಮಲಗಿತ್ತು. ಕಾರು ಹೊರಗೆ ಬಿಸಿಲಿನಲ್ಲಿ ಸುಡುತ್ತಿತ್ತು.

"ಮೂರು ವರ್ಷಾತು," ಅಂದಳು ಹೆಂಡತಿ ಮಾಧುರಿ. "ಅದು ಒಳಗ, ನಾವು ಹೊರಗ. ನಾಳೆ ಒಂದ ದಿನ ನಿಮಗ ಟೈಮು. ಹೋಗ್ತದೋ ಇಲ್ಲೋ?"

"ಹೋಗ್ತದ. ನಾಳೆ ಸಂಜೀಗೂ ಬೈಕು ಈ ಮನ್ಯಾಗಿದ್ರ ನನ್ನ ಹೆಸರು ಗುರುಶಾಂತಪ್ಪ ಅಲ್ಲ."

"ಬ್ಯಾರೆ ಹೆಸರು ನೋಡಿಟ್ಟಿರ್ತೀನಿ," ಎಂದು ಅವಳು ಒಳಗೆ ಹೋದಳು.

ಶನಿವಾರ ಬೆಳಗ್ಗೆ ಪಕ್ಕದ ಮನೆಯ ಸರ್ವೋತ್ತಮ ಶೆಟ್ಟರು ಬೇಲಿಯ ಮೇಲಿಂದ ಇಣುಕಿದರು. ಶೆಟ್ಟರು ಉಡುಪಿ ಕಡೆಯವರು, ರಿಟೈರಾದವರು. ಬೀದಿಯಲ್ಲಿ ಯಾರೇ ಕಾರಿನ ಬಾನೆಟ್ಟು ಎತ್ತಿದರೂ ಸಲಹೆ ಕೊಡಲು ಓಡಿ ಬರುವವರು. ಅವರ ಹಿತ್ತಲಲ್ಲಿ ಮೂಲೆಗೆ ಬಿದ್ದ ಹಳೆಯ ಬೈಕೊಂದೂ ಅದನ್ನು ಸಾಗಿಸುವ ಚಿಕ್ಕ ಟ್ರೇಲರೊಂದೂ ಇದ್ದವು.

"ತೆಕ್ಕೊಂಡು ಹೋಗಿ ಮಾರಾಯ್ರೆ! ಆದ್ರೆ ನಿಮ್ಮ ಈ ಪುಟ್ಟ ಕಾರು ಅದನ್ನು ಎಳೀತದಾ ಎಂತ?"

ಕಾರು ಚಿಕ್ಕದೇ. ನಾಲ್ಕು ಜನ ಕೂತರೆ ಐದನೆಯದಾಗಿ ತರಕಾರಿ ಚೀಲಕ್ಕೂ ಜಾಗವಿಲ್ಲ. ಆದರೆ ಹಿಂದೊಮ್ಮೆ ಸೈಕಲ್ ಕಟ್ಟಲೆಂದು ಅದರ ಹಿಂಭಾಗಕ್ಕೆ ಕಬ್ಬಿಣದ ಕೊಂಡಿ ಹಾಕಿಸಿದ್ದ. ಅಷ್ಟು ಭಾರ ಎಳೆಯಬಹುದು ಎಂದು ಕಾರಿನ ಪುಸ್ತಕದಲ್ಲೇ ಬರೆದಿತ್ತು. "ಎಳೀತದ್ರೀ. ಲೆಕ್ಕಾ ಮಾಡೀನಿ," ಅಂದ ಗುರುಶಾಂತಪ್ಪ.

ಮೊದಲ ಸೋಲು ಅಂಗಳದಲ್ಲೇ. ಕೊಂಡಿಯ ಮೇಲಿನ ಉಕ್ಕಿನ ಗುಂಡು ಸಣ್ಣದು, ಟ್ರೇಲರಿನ ಬಾಯಿ ದೊಡ್ಡದು. ಅಜ್ಜನ ಚಪ್ಪಲಿ ಮೊಮ್ಮಗ ಮೆಟ್ಟಿದಂತೆ ಲೊಡಲೊಡ ಎಂದಿತು. ಹಾರ್ಡ್‌ವೇರ್ ಅಂಗಡಿಗೆ ಹೋಗಿ ದೊಡ್ಡ ಗುಂಡು ತಂದು ಕೂರಿಸುವಷ್ಟರಲ್ಲಿ ಹತ್ತು ಗಂಟೆ ಅಲ್ಲಿಯೇ ದಾಟಿತು. ಬೈಕು ಹತ್ತಿಸುವಾಗ ಶೆಟ್ಟರು ನಿಂತು ನಿರ್ದೇಶಿಸಿದರು.

"ಆದಷ್ಟು ಹಿಂದೆ ಇಡಿ, ಹಿಂದೆ! ಆಗ ನಿಮ್ಮ ಕಾರಿಗೆ ಭಾರ ಬೀಳುದಿಲ್ಲ."

ಕೇಳಲು ಸರಿಯೆನಿಸಿತು. ಪಟ್ಟಿ ಬಿಗಿದು ಗುರುಶಾಂತಪ್ಪ ಹೊರಟ. ಬೀದಿಯ ತಿರುವು ದಾಟುವ ಮೊದಲೇ ಶೆಟ್ಟರ ಫೋನು ಬಂತು: "ಮಿರರ್ ನೋಡ್ತಾ ಇರಿ." ಎರಡು ಸಿಗ್ನಲ್ ದಾಟಿದ ಮೇಲೆ ಇನ್ನೊಂದು: "ಬ್ರೇಕ್ ನಿಧಾನ ಒತ್ತಿ." ಮೂರನೆಯದಕ್ಕೆ ಗುರುಶಾಂತಪ್ಪ ಫೋನಿನ ಬಾಯಿ ಮುಚ್ಚಿಸಿ ಡ್ಯಾಶ್‌ಬೋರ್ಡಿನ ಖಾನೆಗೆ ನೂಕಿದ. ದಾರಿ ಗೊತ್ತಿತ್ತು, ವಿಳಾಸ ಚೀಟಿಯಲ್ಲಿತ್ತು. ಇನ್ನು ತಾನು, ಕಾರು, ಬೈಕು. ಅಷ್ಟೇ.

ಫ್ರೀವೇ ಹತ್ತಿ ಐವತ್ತು ಮೈಲಿ ವೇಗ ಮುಟ್ಟಿದಾಗ ಟ್ರೇಲರಿಗೆ ಜೀವ ಬಂತು. ಮೊದಲು ಮೆಲ್ಲಗೆ ಸೊಂಟ ಕುಣಿಸಿತು. ಆಮೇಲೆ ಎಡಕ್ಕೂ ಬಲಕ್ಕೂ ಬೀಸತೊಡಗಿತು. ಅದರ ಜೊತೆಗೆ ಕಾರೂ ಓಲಾಡಿತು. ಹಿಂದಿನ ಕಾರುಗಳೆಲ್ಲ ಮದವೇರಿದ ಆನೆ ಕಂಡಂತೆ ದೂರ ಸರಿದವು. ಬೆವರುತ್ತ, ಕಾಲನ್ನು ಆಕ್ಸಿಲರೇಟರಿನಿಂದ ಎತ್ತಿ, ಹೇಗೋ ಮುಂದಿನ ಎಕ್ಸಿಟ್ಟಿನಲ್ಲಿಳಿದು ಒಂದು ಗ್ಯಾಸ್ ಸ್ಟೇಷನ್ನಿಗೆ ನುಗ್ಗಿದ.

ನುಗ್ಗಿದ್ದೇನೋ ಸರಿ, ಮುಂದೆ ಗೋಡೆ. ಹಿಂದಕ್ಕೆ ತೆಗೆಯಬೇಕು. ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರೇಲರು ಬಲಕ್ಕೆ ಹೋಯಿತು. ಬಲಕ್ಕೆ ತಿರುಗಿಸಿದರೆ ಇನ್ನೂ ಸಿಟ್ಟಾಗಿ ಅಡ್ಡ ಬಿತ್ತು. ಐದು ನಿಮಿಷದಲ್ಲಿ ಎರಡು ಪಂಪುಗಳು ಬಂದ್ ಆದವು, ಆರು ಕಾರುಗಳು ಹಾರ್ನು ಹೊಡೆದವು.

ಹುಲ್ಲು ಕತ್ತರಿಸುವ ಯಂತ್ರಗಳನ್ನು ಟ್ರೇಲರಿನಲ್ಲಿ ಹೇರಿಕೊಂಡು ಬಂದಿದ್ದ ಮೆಕ್ಸಿಕೋದ ಮಾಲಿಯೊಬ್ಬ ಕೆಳಗಿಳಿದು ಬಂದ. ಬೈಕನ್ನು ನೋಡಿ ತಲೆ ಚಚ್ಚಿಕೊಂಡ. "ಯಾರು ಹೇಳಿದ್ರು ಹಿಂದಿಡು ಅಂತ? ಟ್ರೇಲರಿನ ಮೂಗಿಗೆ ಭಾರ ಬೇಕು, ಮೂಗಿಗೆ!" ಎಂದು ಇಂಗ್ಲಿಷಿನಲ್ಲಿ ಗದರಿ, ತಾನೇ ಕೈಹಾಕಿ ಬೈಕನ್ನು ಮುಂದಕ್ಕೆಳೆದು ಬಿಗಿದ. ಆಮೇಲೆ ಕಿಟಕಿಯ ಪಕ್ಕ ನಿಂತು ಪಾಠ ಮಾಡಿದ: ಕೈಯನ್ನು ಸ್ಟೀರಿಂಗಿನ ಕೆಳಗಡೆ ಹಿಡಿ, ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈ ಆ ಕಡೆ ಸರಿಸು.

ಗುರುಶಾಂತಪ್ಪ ಸರಿಸಿದ. ತಪ್ಪಿತು. ಮತ್ತೆ ಸರಿಸಿದ. ಹಾರ್ನುಗಳಿಗೆ ಕಿವಿಗೊಡದೆ ಹನ್ನೊಂದು ಸಲ ಹಿಂದೆ ಮುಂದೆ ಮಾಡಿದ. ಹನ್ನೆರಡನೆಯ ಸಲ ಟ್ರೇಲರು ಪಳಗಿದ ಎತ್ತಿನಂತೆ ನೆಟ್ಟಗೆ ಹಿಂದೆ ಸರಿಯಿತು. ಹಾರ್ನು ಹೊಡೆದವರೇ ಚಪ್ಪಾಳೆ ಹೊಡೆದರು. ಎರಡು ಸಲ ನಪಾಸಾದ ಮನುಷ್ಯನ ಕಣ್ಣು ಸ್ವಲ್ಪ ತೇವವಾಯಿತು.

ಅಲ್ಲಿಂದ ಮುಂದೆ ಬಲಗಡೆಯ ಲೇನು, ಐವತ್ತೈದರ ಮೇಲೆ ಒಂದು ಮೈಲಿಯೂ ಇಲ್ಲ. ಟ್ರೇಲರು ತೊಟ್ಟಿಲ ಮಗುವಿನಂತೆ ಸುಮ್ಮನೆ ಹಿಂಬಾಲಿಸಿತು. ಮಾರ್ಗನ್ ಹಿಲ್‌ನ ಆ ಮನೆಯ ಮುಂದೆ ನಿಂತು ಬೆಲ್ ಒತ್ತಿದಾಗ ಮಧ್ಯಾಹ್ನ ಎರಡೂವರೆ.

ಬಾಗಿಲು ತೆರೆದದ್ದು ಉಲ್ಲಾಸನ ತಾಯಿ ಗುಲಾಬಿ.

"ಬೈಕು ತಂದೀನ್ರೀ," ಅಂದ ಗುರುಶಾಂತಪ್ಪ, ಎದೆಯುಬ್ಬಿಸಿ.

ಆಕೆ ಕೆನ್ನೆಗೆ ಕೈಯಿಟ್ಟರು. "ಅಯ್ಯೋ ದೇವರೆ! ಅವ ನಿಮ್ಮ ಮನೆಗೇ ಹೋದನಲ್ಲ! ಹತ್ತಕ್ಕೆ ಬರ್ತೇನೆ ಹೇಳಿದವ್ರು ಹನ್ನೆರಡಾದ್ರೂ ಇಲ್ಲ, ಎಷ್ಟು ಫೋನ್ ಮಾಡಿದ್ರೂ ತೆಗೀಲಿಲ್ಲ. ಗಾಡಿ ಕೆಟ್ಟಿರ್ಬೇಕು, ನಾನೇ ಹೋಗಿ ಓಡಿಸ್ಕೊಂಡು ಬರ್ತೇನೆ ಅಂತ ಹೆಲ್ಮೆಟ್ ಹಿಡ್ಕೊಂಡು ಹೊರಟ. ಫ್ರೆಂಡು ಬೆರ್ರಿಯೆಸಾ ಸ್ಟೇಷನಿಗೆ ಬಿಟ್ಟ. ಅಲ್ಲಿಂದ ಟ್ರೈನು."

ಗುರುಶಾಂತಪ್ಪ ಕಾರಿಗೆ ಓಡಿ ಖಾನೆಯಿಂದ ಫೋನು ತೆಗೆದ. ಮೂವತ್ತೊಂದು ಮಿಸ್ಡ್ ಕಾಲು. ಮೊದಲ ಹದಿನೆಂಟು ಶೆಟ್ಟರವು. ಉಳಿದವು ಉಲ್ಲಾಸನವು, ಮಾಧುರಿಯವು.

"ಎಲ್ಲಿದ್ದೀರ್ರೀ?" ಮಾಧುರಿಯ ದನಿ ಕಾದ ಎಣ್ಣೆಯಂತಿತ್ತು. "ಆ ಹುಡುಗ ಬಂದು ಕೂತಾನ. ಬೈಕ್ ಎಲ್ಲಿ ಅಂತಾನ. ಏನ್ ಹೇಳ್ಲಿ?"

"ಚಹಾ ಕುಡಿಸು! ಅವಲಕ್ಕಿ ಹಾಕಿಕೊಡು! ಬಿಡಬ್ಯಾಡ ಅವನ್ನ. ಈಗ ಬಂದೆ!"

ಗುಲಾಬಿಯವರು ಕೊಟ್ಟ ನೀರನ್ನೂ ಪೂರ್ತಿ ಕುಡಿಯದೆ ಹೊರಟ. ಈಗ ಬಂದೆ ಎಂದದ್ದು ಸುಲಭ. ಸ್ಯಾನ್ ಹೋಸೆ ದಾಟುವಾಗ ಶನಿವಾರದ ಟ್ರಾಫಿಕ್ಕು ಗೋಂದಿನ ಹಾಗೆ ಅಂಟಿಕೊಂಡಿತು. ಆದರೂ ಗುರುಶಾಂತಪ್ಪ ಲೇನು ಬಿಡಲಿಲ್ಲ, ಸಿಟ್ಟಿಗೇಳಲಿಲ್ಲ. ಹಲ್ಲು ಕಚ್ಚಿ ಒಂದೇ ಸಮನೆ ಎಳೆದ.

ಐದೂಕಾಲಿಗೆ ತನ್ನ ಬೀದಿ ಮುಟ್ಟಿದ. ಮನೆಯ ಮುಂದೆ ಮಾಧುರಿ, ಶೆಟ್ಟರು ನಿಂತಿದ್ದರು. ಎಲ್ಲರೂ ನೋಡಲಿ ಎಂದು ಗುರುಶಾಂತಪ್ಪ ಕೈಯನ್ನು ಸ್ಟೀರಿಂಗಿನ ಕೆಳಗಿಟ್ಟು, ಒಂದೇ ಏಟಿಗೆ ಟ್ರೇಲರನ್ನು ದಾರದಷ್ಟು ನೇರವಾಗಿ ಹಿಂದಕ್ಕೆ ಅಂಗಳದೊಳಗೆ ಸೇರಿಸಿದ. ಇಳಿದು ಸುತ್ತ ನೋಡಿದ.

"ಹುಡುಗ ಎಲ್ಲಿ?"

ಶೆಟ್ಟರು ಮುಂದೆ ಬಂದು ಅವನ ಕೈ ಹಿಡಿದುಕೊಂಡರು. ಅವರ ಮುಖ ಲಗ್ನದ ಮನೆಯ ಬಾಗಿಲಿನಂತೆ ಬೆಳಗುತ್ತಿತ್ತು.

"ಹೋದ ಮಾರಾಯ್ರೆ, ಈಗ ಅರ್ಧ ಗಂಟೆ ಆಯ್ತು. ಪಾಪ, ಒಬ್ಬನೇ ಕೂತಿದ್ದ. ಮಾತಾಡ್ಸಿದೆ, ನೋಡಿದ್ರೆ ನಮ್ಮ ಊರ ಕಡೆಯವ! ತುಳುವಿನಲ್ಲೇ ಮಾತು. ಸುಮ್ನೆ ಟೈಮ್ ಪಾಸಿಗೆ ಅಂತ ನನ್ನ ಬೈಕ್ ತೋರ್ಸಿದೆ. ಐದು ವರ್ಷದಿಂದ ಮೂಲೇಲಿ ಬಿದ್ದಿತ್ತಲ್ಲ, ಅದು. ಕಿಕ್ ಹೊಡ್ದ, ಸ್ಟಾರ್ಟ್ ಆಯ್ತು! ಇದೇ ಸಾಕು ಅಂದ, ದುಡ್ಡು ಕೊಟ್ಟು ಹತ್ತಿ ಹೋಗಿಯೇ ಬಿಟ್ಟ."

ಗುರುಶಾಂತಪ್ಪ ತಿರುಗಿ ಟ್ರೇಲರಿನ ಮೇಲಿದ್ದ ತನ್ನ ಬೈಕನ್ನು ನೋಡಿದ.

"ಬೇಜಾರ್ ಮಾಡ್ಬೇಡಿ," ಶೆಟ್ಟರು ಅವನ ಬೆನ್ನು ತಟ್ಟಿದರು. "ನಾನು ಕೃತಘ್ನ ಅಲ್ಲ. ಬೈಕೇ ಹೋದ್ಮೇಲೆ ನನಗೆ ಟ್ರೇಲರ್ ಯಾಕೆ ಹೇಳಿ? ಎಷ್ಟು ಚಂದ ರಿವರ್ಸ್ ತೆಗ್ದಿರಿ! ನೀವೇ ಇಟ್ಕೊಳ್ಳಿ. ನನ್ನ ಹಿತ್ತಲೂ ಖಾಲಿ ಆಯ್ತು."

ಗುರುಶಾಂತಪ್ಪ ಬೈಕನ್ನು ಇಳಿಸಿ ಗ್ಯಾರೇಜಿಗೆ ನೂಕಿದ. ಕಾರಿನಿಂದ ಬಿಚ್ಚಿದ ಟ್ರೇಲರು ಅಂಗಳದಲ್ಲೇ, ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಉಳಿಯಿತು. ಆಮೇಲೆ ಕಾರಿನಲ್ಲಿ ಕೂತು, ಅದನ್ನು ನಿಲ್ಲಿಸಲು ಜಾಗ ಹುಡುಕುತ್ತ ಎರಡು ಬೀದಿ ಆಚೆಗೆ ಹೋದ.