ಸಂದಿಗೆ ಸಿಕ್ಕಿಸಿದ ಚಪ್ಪಲಿ

ಎದುರು ಮನೆಯ ಭಾವ ಮೊನ್ನೆ ಬೆಳಿಗ್ಗೆ ತೀರಿಕೊಂಡ. ಎದೆನೋವು. ನನಗೆ ಅವನಷ್ಟು ಹತ್ತಿರದ ಸ್ನೇಹಿತ ಬೇರೆ ಇರಲಿಲ್ಲ. ಅಳುತ್ತಾ ಬರೆಯಲು ಕೂತರೂ ಅವನ ವಿಷಯ ನಗುವಿನ ಕಡೆಗೇ ಎಳೆಯುತ್ತದೆ.

ಅವನು ಬಡಗಿ. ಹಳ್ಳಿಯಿಂದ ಹೆಂಡತಿಯೊಡನೆ ಎದುರಿನ ಫ್ಲ್ಯಾಟಿಗೆ ಬಂದ ದಿನವೇ ನನ್ನ ಹೆಂಡತಿಯನ್ನು 'ತಂಗೀ' ಎಂದು ಕರೆದ. ಹಾಗಾಗಿ, ನನ್ನನ್ನು ಒಂದು ಮಾತೂ ಕೇಳದೆ, ನಾವಿಬ್ಬರೂ ಒಬ್ಬರಿಗೊಬ್ಬರು ಭಾವಂದಿರಾದೆವು. ನಮ್ಮ ಕಟ್ಟಡದ ಬಾಗಿಲುಗಳು ಮುಚ್ಚಿದರೆ ಸಾಕು, ತಾವೇ ಬೀಗ ಹಾಕಿಕೊಳ್ಳುವಂಥವು. ಅವನಿಗೆ ಅದು ಒಗ್ಗಲಿಲ್ಲ. ಹಗಲೆಲ್ಲ ಬಾಗಿಲ ಸಂದಿಗೆ ಒಂದು ಚಪ್ಪಲಿ ಸಿಕ್ಕಿಸಿ ತೆರೆದೇ ಇಡುತ್ತಿದ್ದ.

"ಕಳ್ಳ ಬಂದ್ರೆ?" ಅಂದೆ.

"ಅವನಾದ್ರೂ ಬರಲಿ ಬಿಡು ಭಾವ. ನೀವಂತೂ ಯಾರೂ ಬರಲ್ಲ."

ಇವನನ್ನು ತಿದ್ದಿ ನಾಗರಿಕನನ್ನಾಗಿ ಮಾಡದೆ ಬಿಡುವುದಿಲ್ಲ ಎಂದು ಪಣ ತೊಟ್ಟೆ. ಒಂದು ಭಾನುವಾರ ಹೆಂಡತಿ ತವರಿಗೆ ಹೋಗಿದ್ದಳು. ಒಲೆಯ ಮೇಲೆ ಹಾಲಿಟ್ಟು, ಸ್ನಾನಕ್ಕೆಂದು ಟವೆಲು ಸುತ್ತಿಕೊಂಡವನು ಹೊರಗೆ ಇಣುಕಿದೆ. ಎದುರು ಮನೆಯಲ್ಲಿ ಯಾರೂ ಇಲ್ಲ, ಚಪ್ಪಲಿಯೊಂದೇ ಕಾವಲು. ಸುಧಾರಣೆಗೆ ಇದಕ್ಕಿಂತ ಸುಮುಹೂರ್ತ ಬೇಕೆ! ಹೋಗಿ ಚಪ್ಪಲಿ ಕಿತ್ತೆ. ಅವನ ಬಾಗಿಲು ಟಕ್ ಎಂದಿತು. ನನ್ನ ಬೆನ್ನ ಹಿಂದೆ ಇನ್ನೊಂದು ಟಕ್.

ಭಾವ ಮೆಟ್ಟಿಲು ಹತ್ತಿ ಬಂದ.

"ಚಪ್ಪಲಿ ಹಿಡಿದು ನಿಂತಿದ್ದೀಯಲ್ಲ, ಯಾರಿಗೆ ಹೊಡೀಬೇಕು?"

"ಬಾಗಿಲು ಹಾಕ್ಕೊಂಡ್ಬಿಡ್ತು. ಒಳಗೆ ಒಲೆ ಉರೀತಿದೆ, ಹಾಲಿದೆ."

"ನಮ್ಮನೇದೂ ಹಾಕ್ಕೊಂಡಿದೆ?"

"ಗಾಳಿಗೆ," ಎಂದೆ.

ಅವನು ನನ್ನ ಕೈಯಲ್ಲಿದ್ದ ಚಪ್ಪಲಿಯನ್ನು ನೋಡಿದ. "ಭಾರೀ ಗಾಳಿ."

ಅಷ್ಟರಲ್ಲಿ ಬಾಗಿಲಡಿಯಿಂದ ಸೀದ ವಾಸನೆ ಬಂತು, ಹಿಂದೆಯೇ ಹೊಗೆ.

"ಕೆಳಗಿನ ಮನೆಯೋರ ಹತ್ರ ಏಣಿ ಇದೆ, ಕೇಳು," ಎಂದ.

"ಕೆಳಗೆ ಯಾರಿದ್ದಾರೆ?"

ನಾನು ಆ ಕಟ್ಟಡದಲ್ಲಿ ಆರು ವರ್ಷದಿಂದ ಇದ್ದೆ. ಅವನು ಬಂದು ಇನ್ನೂ ತಿಂಗಳಾಗಿರಲಿಲ್ಲ. ಕನಿಕರದಿಂದ ನನ್ನನ್ನೊಮ್ಮೆ ನೋಡಿ, ಹೊಲದಾಚೆಯವರನ್ನು ಕರೆಯುವ ದನಿಯಲ್ಲಿ ಮೆಟ್ಟಿಲ ಕಡೆ ಬಗ್ಗಿ ಕೂಗಿದ: "ಅಕ್ಕಾ, ಏಣಿ ಕೊಡ್ರೀ! ನಮ್ಮ ಭಾವನ ಮನೆ ಸುಡ್ತಿದೆ!"

ಎಲ್ಲ ಬಾಗಿಲೂ ತೆರೆದವು. ಯಾರ ಮುಖವನ್ನೂ ನೋಡದೆ ಬಾಳಿದ ನಾನು ಎಲ್ಲರಿಗೂ ಒಟ್ಟಿಗೇ ಪರಿಚಯವಾದೆ, ಟವೆಲಿನಲ್ಲಿ. ಕೆಳಮನೆಯ ಪೇಂಟರು ಏಣಿ ತಂದರು. ಮೇಲ್ಮನೆಯ ಟೀಚರಮ್ಮ ಮುಖ ಆಚೆ ತಿರುಗಿಸಿ ಒಂದು ಹೊದಿಕೆ ಕೊಟ್ಟರು. ಭಾವ ನನ್ನ ಬಾಲ್ಕನಿಗೆ ಹತ್ತಿ, ಒಲೆ ಆರಿಸಿ, ಒಳಗಿನಿಂದ ಬಾಗಿಲು ತೆಗೆದ. ನಾನು ಒಳಗೆ ಕಾಲಿಡುವ ಮೊದಲೇ ನನ್ನದೇ ಚಪ್ಪಲಿಯನ್ನು ಸಂದಿಗೆ ಸಿಕ್ಕಿಸಿದ. ಆಮೇಲೆ ಏಣಿ ಜರುಗಿಸಿಕೊಂಡು ತನ್ನ ಮನೆ ಸೇರಿದ.

"ತಳ ಹಿಡಿದ ಪಾತ್ರೆ ನೋಡಿದ್ರೆ ತಂಗಿ ಏನಂತಾಳೋ," ಎಂದು ಅತ್ತಲಿಂದ ಕೂಗಿದ.

"ಗಾಳಿ ಅಂತೀನಿ."

ಮೊನ್ನೆ ಅವನ ಹೆಂಡತಿಯ ಕೂಗು ಕೇಳಿ ಓಡಿದಾಗ ಬಾಗಿಲು ತಟ್ಟುವ ಪ್ರಸಂಗವೇ ಬರಲಿಲ್ಲ. ಆಮೇಲೆ ಆಕೆ ಹೇಳಿದರು. ಎದೆ ಹಿಡಿದುಕೊಂಡು ಎದ್ದನಂತೆ. "ಮಲಗಿರಿ, ಎದುರು ಮನೆ ಅಣ್ಣನ್ನ ಕೂಗ್ತೀನಿ," ಎಂದರಂತೆ.

"ಕೂಗು. ಆದ್ರೆ ಅವನಿಗೂ ಬಾಗಿಲಿಗೂ ಆಗಿಬರಲ್ಲ," ಎಂದನಂತೆ. ಗೋಡೆ ಹಿಡಿದು ನಡೆದು ಹೋಗಿ, ಬಾಗಿಲು ತೆರೆದು, ಬಗ್ಗಿ, ಸಂದಿಗೆ ಚಪ್ಪಲಿ ಸಿಕ್ಕಿಸಿದನಂತೆ.