ಅವ್ವನ ಹತ್ರ ಅದಾನ

“ಬರೀ ಮೂರು ಆದಿವಾರ ಕೊಡು! ಮೂರನೇದಕ್ಕ ಈ ಓಣಿ ಹುಡುಗ್ರೆಲ್ಲ ನಮ್ಮ ದೀಪಿಕಾನ ಹಿಂದ ಸಾಲಾಗಿ ನಿಂದ್ರಲಿಲ್ಲ ಅಂದ್ರ ನನ್ನ ಹೆಸರು ಎರ್ರಿಸ್ವಾಮಿನೇ ಅಲ್ಲ!”

ಹೆಂಡತಿ ಲಾವಣ್ಯ ಹೊಲಿಗೆ ಮಿಷನ್ನಿನಿಂದ ತಲೆ ಎತ್ತಲಿಲ್ಲ. “ಆ ಹೆಸರಿನಾಗ ಸ್ವಾಮಿ ಯಾವತ್ತೋ ಹೋಗೇತ್ರಿ. ಉಳಿದಿರೋದು ಬರೀ ಎರ್ರಿ.”

ತೆಲುಗಿನಲ್ಲಿ ಎರ್ರಿ ಎಂದರೆ ಹುಚ್ಚು. ಹುಟ್ಟಿದಾಗಿನಿಂದ ಕೇಳಿದ ಮಾತು. ಆದರೂ ಪ್ರತಿ ಸಲವೂ ಹೊಸದಾಗಿ ಚುಚ್ಚುತ್ತಿತ್ತು.

ಕನ್ನಡ ಮಾತಿನ ಹೊಳಗುಂದದಿಂದ ತೆಲುಗಿನ ಆದೋನಿಗೆ ಬಂದು ಆರು ತಿಂಗಳಾಗಿತ್ತು. ಎರ್ರಿಸ್ವಾಮಿಗೆ ಹತ್ತಿ ಮಿಲ್ಲೊಂದರ ಕಾಟಾದಲ್ಲಿ, ಅಂದರೆ ಲಾರಿ ತೂಗುವ ಕಟ್ಟೆಯ ಪಕ್ಕದ ಕ್ಯಾಬಿನ್ನಿನಲ್ಲಿ, ಕೆಲಸ. ತುಂಬಿದ ಲಾರಿ ಬಂದರೆ ಒಂದು ಚೀಟಿ, ಖಾಲಿಯಾಗಿ ಹೊರಟರೆ ಇನ್ನೊಂದು ಚೀಟಿ. ದಿನವಿಡೀ ಅವನ ಮುಖ ನೋಡುತ್ತಿದ್ದದ್ದು ಕೆಂಪು ಅಂಕಿಗಳ ಒಂದು ಡಬ್ಬಿ ಮಾತ್ರ. ಆರು ತಿಂಗಳಲ್ಲಿ ಅವನು ಸಂಪಾದಿಸಿದ ಗೆಳೆಯರ ಒಟ್ಟು ತೂಕ ಸೊನ್ನೆ. ಅದನ್ನು ಮನೆಯಲ್ಲಿ ಹೇಳಿಕೊಂಡಿರಲಿಲ್ಲ.

ಆದರೆ ಮಗಳ ವಿಷಯ ಮುಚ್ಚಿಡಲು ಬರುವಂತಿರಲಿಲ್ಲ. ಶಾಲೆಯ ಟೀಚರು ಕರೆಸಿ, “ಪಾಪ ಎವರಿತೋನೂ ಕಲವದು ಸಾರ್” ಎಂದಿದ್ದರು. ಮಗು ಯಾರೊಂದಿಗೂ ಬೆರೆಯುವುದಿಲ್ಲ. ಎಲ್ಲರೂ ಆಡುವ ಹೊತ್ತಿಗೆ ನಾಲ್ಕೂವರೆ ವರ್ಷದ ದೀಪಿಕಾ ಬಾಗಿಲ ಬಳಿ ಕೂತು ಉಳಿದವರ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಇಡುತ್ತಾಳಂತೆ. ಚಪ್ಪಲಿಗಳಿಗಾದರೂ ಜೋಡಿ ಇತ್ತು, ಇವಳಿಗೆ ಇರಲಿಲ್ಲ. ಮನೆಯ ಕನ್ನಡ ಅಲ್ಲಿ ನಡೆಯುತ್ತಿರಲಿಲ್ಲ, ಅಲ್ಲಿಯ ತೆಲುಗು ಇವಳ ಬಾಯಿಂದ ಹೊರಡುತ್ತಿರಲಿಲ್ಲ. ಸಂಜೆಯಾದರೆ ಒಂದೇ ಪ್ರಶ್ನೆ: “ನಾಳೆ ಸಾಲಿ ರಜಾ ಏನಪ್ಪಾ?”

ಓಣಿಯ ಮಕ್ಕಳ ಜೊತೆ ಆಡಿಸಿ, ತಾನೇ ಬೆರೆಯುತ್ತಾಳೆ ಎಂದೂ ಟೀಚರು ಹೇಳಿದ್ದರು. ಎರ್ರಿಸ್ವಾಮಿ ಅದನ್ನು ಸರ್ಕಾರಿ ಆದೇಶದಂತೆ ತಲೆಯ ಮೇಲೆ ಹೊತ್ತು ತಂದ.

ಮೊದಲ ಆದಿವಾರ ಅಂಗಡಿ ಆಟ. ದೀಪಿಕಾ ಬೆಣಚುಕಲ್ಲುಗಳನ್ನು ಉಳ್ಳಾಗಡ್ಡಿ ಎಂದು ಇಟ್ಟುಕೊಂಡು ಕೂತಳು. “ಮೊದಲು ತಕ್ಕಡಿ ಸೊನ್ನಿಗೆ ಬಂದೈತೇನು ನೋಡವಾ! ಗೋಣಿಚೀಲದ ತೂಕ ಕಳದೀ?” ಎಂದು ಗಿರಾಕಿಯಾಗಿ ಬಂದ ಎರ್ರಿಸ್ವಾಮಿ ತನಿಖೆ ಶುರು ಮಾಡಿದ. ಐದೇ ನಿಮಿಷದಲ್ಲಿ ಅಂಗಡಿ ಮುಚ್ಚಿತು.

ಎರಡನೇ ಆದಿವಾರ ಓಣಿಯ ಎಂಟು ಮಕ್ಕಳನ್ನು ಚಾಕೊಲೇಟಿನ ಆಸೆ ತೋರಿಸಿ ಸೇರಿಸಿದ. ಎರಡೂ ತಂಡ ಸಮತೂಕ ಇರಬೇಕಲ್ಲ! ಒಬ್ಬೊಬ್ಬರನ್ನೇ ಕಂಕುಳಿಗೆ ಕೈಹಾಕಿ ಎತ್ತಿ, “ಹದಿನೆಂಟು ಕೇಜಿ… ಇವನು ಇಪ್ಪತ್ತೊಂದು, ಅತ್ಲಾಗ ನಿಂದ್ರು” ಎಂದು ವಿಂಗಡಿಸಿದ. ಆಮೇಲೆ ನಿಯಮಗಳು. ನಾಲ್ಕನೆಯದನ್ನು ಮುಗಿಸಿ ತಲೆ ಎತ್ತಿದರೆ ಓಣಿ ಖಾಲಿ! ಉಳಿದವಳು ಒಬ್ಬಳೇ, ಅವನ ಪ್ಯಾಂಟು ಹಿಡಿದುಕೊಂಡು.

“ಬಿಡ್ರಿ ಇನ್ನ” ಎಂದಳು ಲಾವಣ್ಯ. ಈ ಸಲ ಅವಳ ದನಿಯಲ್ಲಿ ಚೇಷ್ಟೆ ಇರಲಿಲ್ಲ. “ನೀವರ ಯಾರ ಜೊತಿ ಬೆರೀತೀರಿ? ನಿಮ್ಮಂಗ ಆಗ್ಯಾಳ ಅಷ್ಟೇ.”

ಆ ವಾರವೆಲ್ಲ ಅವನಿಗೆ ಲಾರಿಗಳೆಲ್ಲ ಖಾಲಿ ಬಂದಂತೆಯೇ ಅನಿಸಿತು.

ಮೂರನೇ ಆದಿವಾರ, ಕೊನೆಯ ಅಸ್ತ್ರ: ಕಣ್ಣಾಮುಚ್ಚಾಲೆ! ಆಟದಲ್ಲಿ ಅಡ್ಡಿಯಾಗಬಾರದೆಂದು ಫೋನನ್ನು ಲಾವಣ್ಯಳ ಮಿಷನ್ನಿನ ಮೇಲಿಟ್ಟು ವೀರನಂತೆ ಹೊರಬಂದ. ದೀಪಿಕಾ ಗೋಡೆಗೆ ಮುಖವಿಟ್ಟು ಎಣಿಸಬೇಕು, ಉಳಿದವರು ಅಡಗಬೇಕು. ಮಕ್ಕಳ ನಾಯಕಿ, ಎದುರುಮನೆಯ ಏಳು ವರ್ಷದ ಸುಷ್ಮಾ, “ಅಂಕುಲ್ ಕೂಡಾನಾ?” ಎಂದು ಮೂಗು ಮುರಿದಳು. ಅಂಕಲ್ಲೂ ಹೌದು! ಅಡಗುವುದು ಹೇಗೆಂದು ತೋರಿಸಿಕೊಡುವವರು ಬೇಡವೇ?

ಪಕ್ಕದ ಮನೆ ಗಾದಿಲಿಂಗಮ್ಮನದು. ಎರ್ರಿಸ್ವಾಮಿಯ ಬಾಡಿಗೆ ಮನೆಯೂ ಆಕೆಯದೇ. ಎಪ್ಪತ್ತು ದಾಟಿದ ಜೀವ, ಕಿವಿ ಮಂದ. ದೀಪಿಕಾ ಆಕೆಯನ್ನು ಅಜ್ಜಿ ಎನ್ನುತ್ತಿದ್ದಳು. ಓಣಿಯ ತೆಲುಗು ಮಕ್ಕಳಿಗೆ ಆಕೆ ಅವ್ವ. ಆಕೆಯ ಹಿತ್ತಲಲ್ಲಿ ಒಲೆಗೆಂದು ಹತ್ತಿಕಟ್ಟಿಗೆ ಪೇರಿಸಿದ ಒಂದು ಕತ್ತಲೆ ಕೋಣೆ. ಎರ್ರಿಸ್ವಾಮಿ ಅದರೊಳಗೆ ನುಗ್ಗಿ, ಕಟ್ಟಿಗೆಯ ಹಿಂದೆ ಮಂಡಿ ಮಡಚಿ ಕೂತ. ಅವನು ನುಗ್ಗಿದ್ದನ್ನು ಸುಷ್ಮಾ ನೋಡಿದಳು. ಪರವಾಗಿಲ್ಲ, ನೋಡಲಿ, ಕಲಿಯಲಿ!

ಎರಡು ನಿಮಿಷಕ್ಕೆ ಹೊರಗೆ ಟಕ್ ಎಂದು ಚಿಲಕ ಬಿತ್ತು. ಮಕ್ಕಳ ಚೇಷ್ಟೆ ಎಂದುಕೊಂಡು ಒಳಗೇ ನಕ್ಕ. ಅದು ಗಾದಿಲಿಂಗಮ್ಮ, ಆಚೆ ಬೀದಿಯ ಮಗಳ ಮನೆಗೆ ಹೊರಟವಳು. ಆಕೆ ಚಿಲಕ ಹಾಕಿದ್ದು ಆಡು ಒಳಗೆ ಹೊಕ್ಕೀತೆಂದು. ಒಳಗಿದ್ದವನು ಆಡಲು ಬಂದವನು!

ಹತ್ತು ನಿಮಿಷವಾಯಿತು. ಕಟ್ಟಿಗೆ ಬೆನ್ನಿಗೆ ಚುಚ್ಚುತ್ತಿತ್ತು. ಹುಡುಕುವವರ ಸುಳಿವಿಲ್ಲ. “ದೀಪೀ!” ಎಂದು ಕೂಗಿದ. ಗೋಡೆಯಾಚೆಯ ಹಿಟ್ಟಿನ ಗಿರಣಿ ಭರ್ರೋ ಎಂದು ಅವನ ಕೂಗನ್ನೂ ಜೋಳದ ಜೊತೆ ಬೀಸಿ ಹಾಕಿತು. “ಲಾವಣ್ಯಾ!” ಭರ್ರೋ. ಬಾಗಿಲು ಬಡಿದ. ಭರ್ರೋ. ಕೊನೆಗೆ ಕೂತುಬಿಟ್ಟ. ಕಾಟಾದ ಕ್ಯಾಬಿನ್ನೂ ಹೀಗೇ ಅಲ್ಲವೇ? ಅಲ್ಲಿ ಕಿಟಕಿಯೊಂದು ಹೆಚ್ಚು. ಇಷ್ಟು ದೊಡ್ಡ ಆದೋನಿಯಲ್ಲಿ ತನ್ನನ್ನು ಹುಡುಕುವವರು ಒಬ್ಬರೂ ಇಲ್ಲ, ಹೆತ್ತ ಮಗಳೂ ಇಲ್ಲ!

ಆಗ ಕರೆಂಟು ಹೋಯಿತು. ಗಿರಣಿ ನಿಂತಿತು. ಈಗ ಕೂಗಿದರೆ ಇಡೀ ಓಣಿಗೆ ಕೇಳುತ್ತದೆ. ಎದೆ ತುಂಬ ಉಸಿರೆಳೆದು ಬಾಯಿ ತೆರೆದ.

“ಕಾದು ಕಾದು! ನೇನೇ ಮುಂದು ಚೂಸ್ನಾ!”

ಅಲ್ಲ, ನಾನೇ ಮೊದಲು ನೋಡಿದ್ದು! ಯಾರೋ ಹುಡುಗಿ ತೆಲುಗಿನಲ್ಲಿ ಜೋರು ಜಗಳ ತೆಗೆದಿದ್ದಳು. ಯಾರಿರಬಹುದು? ಆ ದನಿ ಮತ್ತೆ ಕೇಳಿತು, ಆಮೇಲೆ ನಕ್ಕಿತು. ಅದು ದೀಪಿಕಾ. ಜಗಳಾಡುತ್ತಿದ್ದಾಳೆ! ನಗುತ್ತಿದ್ದಾಳೆ! ಸುಷ್ಮಾ ಅವಳ ಹೆಸರು ಹಿಡಿದು ಕರೆಯುತ್ತಿದ್ದಾಳೆ!

ಎರ್ರಿಸ್ವಾಮಿ ತೆರೆದ ಬಾಯಿಯನ್ನು ಹಾಗೇ ಮುಚ್ಚಿದ. ಸೊಳ್ಳೆ ಕಚ್ಚಿತು, ಹೊಡೆಯಲಿಲ್ಲ. ಸದ್ದಾದೀತು.

ಎರಡು ತಾಸಿನ ಮೇಲೆ ಚಿಲಕ ತೆಗೆದ ಗಾದಿಲಿಂಗಮ್ಮನಿಗೆ ಕಂಡದ್ದು ತಲೆಯ ಮೇಲೆ ಕಸಕಡ್ಡಿ ಹೊತ್ತು ಎದ್ದು ನಿಂತ ಒಂದು ಗಂಡಾಕೃತಿ.

“ದೊಂಗಾ! ದೊಂಗಾ! ರಂಡ್ರೋ!”

ಕಳ್ಳ, ಬನ್ನಿರೋ ಎಂದರೆ ಕೇಳಬೇಕೇ? ಓಣಿಯೇ ನುಗ್ಗಿತು. ಗಿರಣಿಯ ಮೂಕಪ್ಪ ಕಬ್ಬಿಣದ ಸಲಾಕೆ ಹಿಡಿದು ಬಂದ. ಅವನ ಕಾಲ ಸಂದಿಯಿಂದ ತೂರಿ ಮುಂದೆ ಬಂದವಳು ದೀಪಿಕಾ. ಎರಡೂ ಕೈ ಅಗಲಿಸಿ ನಿಂತು ಓಣಿಗೆ ಓಣಿಯನ್ನೇ ಗದರಿಸಿದಳು: “ದೊಂಗ ಕಾದು! ಮಾ ನಾನ್ನ!”

ನಮ್ಮಪ್ಪ ಅನ್ನಲಿಲ್ಲ, ಮಾ ನಾನ್ನ ಅಂದಳು. ಎರ್ರಿಸ್ವಾಮಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಗಾದಿಲಿಂಗಮ್ಮ ಹತ್ತಿರ ಬಂದು ಕಣ್ಣು ಕಿರಿದು ಮಾಡಿದಳು. “ಮನಿ ಬಾಡಿಗಿ ಕೊಟ್ಟೀನಲ್ಲಪಾ, ಕಟಗಿ ಕ್ವಾಣಿನೂ ಬೇಕೇನು ನಿನಗ?”

“ಆಟ ಆಡಾಕ ಬಂದಿದ್ದೆ ಅಜ್ಜೀ!”

“ಊಟಾನಾ? ಹೆಣ್ತಿ ಹಾಕಲ್ಲೇನು ಊಟ?”

ಹೆಂಡತಿ ಅಷ್ಟರಲ್ಲಿ ಟೇಪು ಕೊರಳಲ್ಲಿ ಹಾಕಿಕೊಂಡೇ ಓಡಿ ಬಂದಿದ್ದಳು. “ಅಯ್ಯ, ನೀವು ಹುಡುಗ್ರ ಜೊತಿ ಅದೀರಿ ಅಂತ ನಾ ಆರಾಮ ಮೂರು ಬ್ಲೌಸ್ ಹೊಲಿದೆ! ಇಷ್ಟು ತಣ್ಣಗ ಯಾವ ಆದಿವಾರನೂ ಇದ್ದಿಲ್ಲ ನೋಡ್ರಿ.”

ಮನೆಗೆ ಬಂದು ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಎರ್ರಿಸ್ವಾಮಿ ಮಗಳನ್ನು ಕೇಳಿದ. “ಎಲ್ಲಾರನ್ನೂ ಹುಡುಕಿದೆಲ್ಲ, ನನ್ನ ಯಾಕ ಹುಡುಕಲಿಲ್ಲವಾ?”

“ಸುಷ್ಮಾ ಹೇಳಿದ್ಲಲ್ಲ! ‘ಮೀ ನಾನ್ನ ಅವ್ವ ದಗ್ಗರ ಉನ್ನಾಡು’ ಅಂತ. ನೀ ಆಟ ಬಿಟ್ಟು ಮನ್ಯಾಗ ಅವ್ವನ ಹತ್ರ ಹೋಗೀದಿ ಅಂದ್ಕೊಂಡೆ.”

ಲಾವಣ್ಯಳ ಕೈ ಬೆನ್ನ ಮೇಲೇ ನಿಂತಿತು. ನಿಮ್ಮಪ್ಪ ಅವ್ವನ ಹತ್ತಿರ ಇದ್ದಾನೆ! ಸುಷ್ಮಾಳ ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ದೀಪಿಕಾಳ ಕನ್ನಡದಲ್ಲಿ ಅವ್ವ ಎಂದರೆ ತಾಯಿ. ಎರಡು ಭಾಷೆಯ ಒಂದೇ ಅವ್ವ ಒಬ್ಬ ಗಂಡಸನ್ನು ಎರಡು ತಾಸು ಕಟ್ಟಿಗೆಯ ಜೊತೆ ಪೇರಿಸಿಟ್ಟಿದ್ದಳು! ಲಾವಣ್ಯ ಬಿದ್ದು ಬಿದ್ದು ನಕ್ಕಳು.

ಎರ್ರಿಸ್ವಾಮಿ ನಗಲಿಲ್ಲ. “ನಾಳೆ ಸಾಲಿ ರಜಾ ಏನಂತ ಕೇಳಲಿಲ್ಲಲ್ಲ ಇವತ್ತು?”

“ರಜಾ ಬ್ಯಾಡ. ಸುಷ್ಮಾ ನನ್ನ ಕರ್ಕೊಂಡು ಹೋಗ್ತಾಳ.” ದೀಪಿಕಾ ಹತ್ತಿರ ಬಂದು, ಅಪ್ಪನ ಕೂದಲಲ್ಲಿ ಸಿಕ್ಕಿದ್ದ ಕಡ್ಡಿಯೊಂದನ್ನು ಮೆಲ್ಲಗೆ ತೆಗೆದಳು. “ಅಪ್ಪಾ, ಮುಂದಿನ ಆದಿವಾರನೂ ನೀ ಅವ್ವನ ಹತ್ರನೇ ಇರು, ಹ್ಞಾ?”

“ಯಾವ ಅವ್ವನ ಹತ್ರವಾ?”

ಮಗಳು ಕಡ್ಡಿಯನ್ನು ಆಚೆ ಎಸೆದಳು.

“ಯಾವ ಅವ್ವ ಆದ್ರೂ ಸೈ. ಬಾಗಿಲ ಚಿಲಕ ಮಾತ್ರ ಹಾಕಿರ್ಲಿ.”