ಗೌರಿಯ ಮನಸ್ಸಿಗೆ ಪರೀಕ್ಷೆ

ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ನಾನು ಓದು ನಿಲ್ಲಿಸಿದೆ. ಮಿಡ್ಲ್‌ಸ್ಕೂಲಿನ ಮೆಟ್ಟಿಲು ಹತ್ತಿದ ವರ್ಷವೇ ಇಳಿದೆ ಅಂದರೆ ಸರಿ. ಅಪ್ಪನ ಸೊಂಟ ಹಿಡಿದುಕೊಂಡಿತು, ಜಟಕಾದ ಲಗಾಮು ನನ್ನ ಕೈಗೆ ಬಂತು, ಅಷ್ಟೇ ಕಥೆ. ಅಂದಿನಿಂದ ಮದ್ದೂರು ಸ್ಟೇಷನ್ನಿನ ಮುಂದೆ ಬಿಸಿಲು ಮಳೆ ಎನ್ನದೆ ದುಡಿದು ತಿಂದಿದ್ದೇನೆ, ಯಾರ ಮುಂದೆಯೂ ಕೈ ಒಡ್ಡಿಲ್ಲ. ಓದಿದವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿಲ್ಲ. ಬಾಡಿಗೆಗೆ ಚೌಕಾಸಿ ಮಾಡುವವರಲ್ಲಿ ಅವರೇ ಹೆಚ್ಚು ಎನ್ನುವುದನ್ನು ಬಿಟ್ಟರೆ ಅವರ ಮೇಲೆ ದೂರೂ ಇರಲಿಲ್ಲ. ನನ್ನ ಹೆಂಡತಿಯ ತಮ್ಮ ಮನಃಶಾಸ್ತ್ರ ಓದುವವರೆಗೆ ಇರಲಿಲ್ಲ.

ಈ ಪುಟ್ಟಸ್ವಾಮಿ ಬೆಸಗರಹಳ್ಳಿಯವನು, ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದ. ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲ ಒಲೆ ಕಟ್ಟಿಕೊಂಡು ಹೊಗೆಯಲ್ಲಿ ಕೆಮ್ಮುತ್ತಿದ್ದವು, ಜಟಕಾದವರಿಗೆ ಕೊಂಚ ಬೆಲೆ ಬಂದಿತ್ತು. ಬೇಸಿಗೆ ರಜಕ್ಕೆ ಅಕ್ಕನ ಮನೆಗೆ ಬಂದವನು ಊಟಕ್ಕೆ ಕೂತಾಗ ನಮಗೆ ತನ್ನ ಶಾಸ್ತ್ರ ಬಡಿಸತೊಡಗಿದ. ರಷ್ಯಾದಲ್ಲಿ ಒಬ್ಬ ಪಂಡಿತ ನಾಯಿಗಳನ್ನು ಕಟ್ಟಿಹಾಕಿ, ಕೆನ್ನೆಗೆ ತೂತು ಕೊರೆದು, ಅನ್ನ ಕಾಣುವ ಮೊದಲೇ ಎಷ್ಟು ಜೊಲ್ಲು ಸುರಿಸುತ್ತವೆಂದು ಅಳೆದನಂತೆ. ಅಮೆರಿಕದಲ್ಲಿ ಇನ್ನೊಬ್ಬ ಹಸಿದ ಬೆಕ್ಕನ್ನು ಪೆಟ್ಟಿಗೆಯೊಳಗೆ ಕೂಡಿ, ಮೀನನ್ನು ಹೊರಗಿಟ್ಟು, ಅದು ಅಗಳಿ ತೆಗೆಯುವುದನ್ನು ಯಾವಾಗ ಕಲಿಯುತ್ತದೆಂದು ನೋಡುತ್ತ ಕೂತನಂತೆ. ಆಮೇಲೆ ಇಲಿಗಳ ಸರದಿ. ಹಲಗೆಯ ಓಣಿಗಳನ್ನು ಕಟ್ಟಿ ಅವುಗಳನ್ನು ಒಳಗೆ ಬಿಡುತ್ತಾರಂತೆ. ನಮ್ಮ ಮನೆಯ ಇಲಿಗಳಿಗೆ ಯಾರೂ ಓಣಿ ಕಟ್ಟಿಕೊಟ್ಟಿಲ್ಲ. ಆದರೂ ಒಂದು ದಿನವೂ ರಾಗಿ ಗುಡಾಣದ ದಾರಿ ತಪ್ಪಿದ್ದಿಲ್ಲ.

"ಆ ನಾಯಿ ಒಪ್ಕೊಂಡಿತ್ತೇನಪ್ಪ?" ಎಂದು ಕೇಳಿದೆ.

"ನಾಯೀನ ಯಾರು ಕೇಳ್ತಾರೆ ಭಾವ? ಮನುಷ್ಯನ ಮನಸ್ಸು ತಿಳೀಬೇಕಲ್ಲ."

"ಮನುಷ್ಯನ ಮನಸ್ಸು ತಿಳಿಯಾಕೆ ಮನುಷ್ಯನ ಕೆನ್ನೇನೆ ಕೊರೀಬೌದಿತ್ತು."

ನನ್ನ ಹೆಂಡತಿ ನಿಂಗಮ್ಮ ಸಾರಿನ ಸೌಟನ್ನು ನನ್ನ ತಟ್ಟೆಯ ಮೇಲೆ ತಡೆದು ಹಿಡಿದು, "ಓದೋ ಉಡುಗ ಏನೋ ಯೋಳ್ತಾನೆ, ಅಡ್ಡಬಾಯಿ ಆಕ್ಬ್ಯಾಡಿ" ಎಂದಳು. ಮುದ್ದೆಗೆ ಸಾರು ಬೇಕಿತ್ತು, ಸುಮ್ಮನಾದೆ.

ಸುಮ್ಮನೇ ಇದ್ದಿದ್ದರೆ ಆಗುತ್ತಿತ್ತು. ಆದರೆ ನನ್ನ ಕುದುರೆ ಗೌರಿಯ ವಿಷಯ ಬಂದರೆ ನನಗೆ ಬಾಯಿ ನಿಲ್ಲುವುದಿಲ್ಲ. ಶಿಂಷಾ ಸೇತುವೆಯ ಮೇಲೆ ರೈಲು ಕೂಗಿದ ಕೂಡಲೇ ಗೌರಿ ತಾನಾಗಿ ಹಿಂದೆ ಹಿಂದೆ ಸರಿದು ಜಟಕಾದ ಮೂಕಿಮರಗಳ ನಡುವೆ ನಿಲ್ಲುತ್ತಿತ್ತು. "ಬಾ ಗೌರಿ" ಅಂದರೆ ಮೇಯುವ ಹುಲ್ಲು ಬಿಟ್ಟು ಬರುತ್ತಿತ್ತು. ಸ್ಟೇಷನ್ ಬಾಗಿಲಿಗೆ ಮೊದಲು ಬಂದ ಗಾಡಿಗೆ ಮಳವಳ್ಳಿಯ ದೂರದ ಬಾಡಿಗೆ ಅನ್ನುವುದು ನಮ್ಮವರ ಕಟ್ಟಳೆ. ಅದು ಬಹುಪಾಲು ನನಗೇ ಸಿಗುತ್ತಿತ್ತು. ಗೌರಿಗೆ ನನ್ನ ಮೇಲೆ ಜೀವ ಎಂದು ಊರೆಲ್ಲ ಹೇಳಿಕೊಂಡಿದ್ದೆ. ಪುಟ್ಟಸ್ವಾಮಿಗೂ ಹೇಳಿದೆ.

ಅವನು ನಕ್ಕ. "ಅದೆಲ್ಲ ಅಭ್ಯಾಸಬಲ ಭಾವ. ನೀವು ಬೇರೆ, ನಿಮ್ಮ ಕೈಲಿರೋ ಹುರುಳಿ ಚೀಲ ಬೇರೆ ಅಂತ ಅದಕ್ಕೆ ಗೊತ್ತೇ ಇಲ್ಲ."

ಮದುವೆಯಾದಂದಿನಿಂದ ನಿಂಗಮ್ಮ ನನಗೆ ಏನೇನೋ ಅಂದಿದ್ದಾಳೆ. ಆದರೆ ಹುರುಳಿ ಚೀಲ ಅಂದಿರಲಿಲ್ಲ. "ಹುರುಳಿ ಇಲ್ದಿದ್ರೂ ಬತ್ತದೆ, ನೋಡ್ತೀಯೇನ್ಲಾ?" ಎಂದುಬಿಟ್ಟೆ. ಅವನಿಗೂ ಅದೇ ಬೇಕಿತ್ತು.

ಮೊದಲ ನಿಯಮ, ಕುದುರೆ ಹಸಿದಿರಬೇಕು. ಹೊಟ್ಟೆ ತುಂಬಿದ ಪ್ರಾಣಿ ಪ್ರಯೋಗಕ್ಕೆ ಬರುವುದಿಲ್ಲವಂತೆ. ಹೊಟ್ಟೆ ತುಂಬಿದ ಭಾವಮೈದ ಮಾತ್ರ ಬರುತ್ತಾನೆ ಎಂದುಕೊಂಡೆ. ಚೀಲಕ್ಕೆ ಬರಿಯ ಹೊಟ್ಟು ತುಂಬಿ ನಾನು ಹಿತ್ತಲಲ್ಲಿ ನಿಂತು ಕರೆಯಬೇಕು, ಅವನು ಗುರುತು ಹಾಕಿಕೊಳ್ಳುತ್ತಾನೆ. ಕರೆದೆ, ಬಂತು. ಚೀಲದೊಳಗೆ ಮೂತಿ ಹಾಕಿತು, ಉಸಿರಿಗೆ ಹೊಟ್ಟು ಹಾರಿತು, ತಲೆ ಎತ್ತಿ ನನ್ನನ್ನು ನೋಡಿತು. ಮಾರನೆಯ ಸಂಜೆಯೂ ಬಂತು. ನಾನು ಪುಟ್ಟಸ್ವಾಮಿಯ ಕಡೆ ಮೀಸೆ ತಿರುವಿದೆ. ಆಮೇಲಾಮೇಲೆ ಬರುವುದು ನಿಧಾನವಾಯಿತು. ಅರ್ಧ ದಾರಿಗೆ ಬಂದು ನಿಲ್ಲತೊಡಗಿತು. ನಾಳೆ ಬಂದೇ ಬರುತ್ತದೆ ಎನ್ನುವ ಹಟಕ್ಕೆ ನಾನು ನಾಳೆಯೂ ಕರೆದೆ. ಒಂದು ಸಂಜೆ ಕರೆದಾಗ ಗೌರಿ ಕಿವಿಯನ್ನೂ ತಿರುಗಿಸಲಿಲ್ಲ.

"ಅಭ್ಯಾಸ ದೀಪ ಆರಿದಂಗೆ ಆರೋಯ್ತು ಭಾವ. ಪುಸ್ತಕದಲ್ಲಿರೋ ಹಾಗೇ" ಎಂದ ಅವನು. ಅವನ ಮುಖದಲ್ಲಿ ಅಷ್ಟು ಸಂತೋಷ ಅವನ ಅಕ್ಕನ ಮದುವೆಯಲ್ಲೂ ಕಂಡಿರಲಿಲ್ಲ.

"ಕುದ್ರೇನ ಕೆಡಿಸ್ಬುಟ್ಟಲ್ಲೋ."

"ನೋವೇನಾಗಿದೆ ಭಾವ? ಏಟು ಹೊಡೆದ್ವಾ? ಕೊರೆದ್ವಾ? ಒಂದು ಗಾಯ ತೋರಿಸಿ ನೋಡೋಣ."

ಗೊರಸು ಎತ್ತಿ ನೋಡಿದೆ, ಕುತ್ತಿಗೆ ಸವರಿದೆ, ಬೆನ್ನು ಒತ್ತಿದೆ. ಗಾಯ ಇರಲಿಲ್ಲ. ಇದ್ದಿದ್ದರೆ ಅರಿಶಿನ ಎಣ್ಣೆ ಹಚ್ಚುತ್ತಿದ್ದೆ.

ಅಂದೇ ಚೀಲ ತುಂಬ ಬೇಯಿಸಿದ ಹುರುಳಿ ಹಾಕಿ ಮುಂದೆ ಹಿಡಿದೆ. ಗೌರಿ ಮುಟ್ಟಲಿಲ್ಲ. ನೆಲಕ್ಕಿಟ್ಟು ನಾನು ಬಾಗಿಲ ಹಿಂದೆ ಸರಿದ ಮೇಲೆ ತಿಂದಿತು. ಈಗಲೂ ಹಾಗೆಯೇ. ಹುರುಳಿ ಬೇರೆ, ನಾನು ಬೇರೆ ಅಂತ ಅದಕ್ಕೆ ಚೆನ್ನಾಗಿ ಗೊತ್ತಾಗಿದೆ.

ಸ್ಟೇಷನ್ನಿನಲ್ಲೂ ಅದೇ ಗತಿ. ರೈಲು ಕೂಗುತ್ತದೆ, ಉಳಿದ ಗಾಡಿಗಳೆಲ್ಲ ಹೊರಡುತ್ತವೆ, ಗೌರಿ ಕಲ್ಲಿನ ಬಸವಣ್ಣನಂತೆ ನಿಂತಿರುತ್ತದೆ. ನನ್ನ ಜೊತೆಯ ಗಾಡಿಯವನು ಬುಡೇನ್ ಸಾಬಿ, "ಯಾಕ್ಲಾ, ನಿನ್ ಕುದ್ರೆ ಸತ್ಯಾಗ್ರಹಕ್ಕೆ ಕುಂತದಾ? ಒಂದು ಗಾಂಧಿ ಟೋಪಿ ಆಕ್ಬುಡು ಮತ್ತೆ" ಎಂದು ಮಳವಳ್ಳಿಯ ಗಿರಾಕಿಗಳನ್ನು ಹತ್ತಿಸಿಕೊಂಡು ಹೋಗುತ್ತಾನೆ. ಬಾರುಕೋಲು ಹಿಡಿ ಎಂದು ಬುದ್ಧಿ ಹೇಳಿದವರೂ ಇದ್ದಾರೆ. ಹಿಡಿಯಲಿಲ್ಲ. ಸುಳ್ಳು ಹೇಳಿದವನೂ ನಾನೇ, ಹೊಡೆಯುವವನೂ ನಾನೇ ಆದರೆ ಅದು ಯಾವ ಶಾಸ್ತ್ರ?

ಪುಟ್ಟಸ್ವಾಮಿ ಪಾಸಾದ. ಮೈಸೂರಿನಿಂದ ಪೇಡಾ ತಂದ. ನಿಂಗಮ್ಮ ಒಬ್ಬಟ್ಟು ಮಾಡಿದಳು. ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತ, "ಕಳೆದ ನಂಬಿಕೆ ಮತ್ತೆ ಬರುತ್ತಾ ಅಂತ ಇನ್ನೂ ಯಾರೂ ಸರಿಯಾಗಿ ನೋಡಿಲ್ಲ ಭಾವ, ಬರೋ ಬೇಸಿಗೇಲಿ..." ಎಂದ. ನಾನು ಎದ್ದು ಕೈ ತೊಳೆದೆ.

ಈಗ ಸೇತುವೆಯ ಮೇಲೆ ರೈಲು ಕೂಗಿದರೆ ಓಡುವವನು ನಾನು. ಪ್ಲಾಟ್‌ಫಾರಂ ತನಕ ಓಡಿ, ಗಿರಾಕಿಯ ಟ್ರಂಕನ್ನು ತಲೆಯ ಮೇಲೆ ಹೊತ್ತು, ಗೌರಿ ನಿಂತಲ್ಲಿಗೇ ತರುತ್ತೇನೆ. ಬಾಡಿಗೆ ಸಿಗಲಿ ಬಿಡಲಿ, ಸಿಳ್ಳು ಕೇಳಿದರೆ ಕಾಲು ತಾನಾಗಿ ಏಳುತ್ತದೆ. ಮೊನ್ನೆ ಪುಟ್ಟಸ್ವಾಮಿ ರೈಲಿನಿಂದ ಇಳಿದು ನನ್ನ ಓಟವನ್ನು ಬಹಳ ಗಮನವಿಟ್ಟು ನೋಡುತ್ತಿದ್ದ. ಆ ರಷ್ಯಾದ ನಾಯಿಯಂತೆ ನನ್ನನ್ನೂ ಯಾರೂ ಕೇಳಿಲ್ಲ.

ಸದ್ಯಕ್ಕೆ ನನಗಿರುವುದು ಇಷ್ಟು: ಜಟಕಾ ಒಂದು, ಹೆಂಡತಿ ಒಬ್ಬಳು, ಬಿ.ಎ. ಆದ ಭಾವಮೈದ ಒಬ್ಬ, ಗಾಯವಿಲ್ಲದ ಕುದುರೆ ಒಂದು.